ಮನೆಯ ಕಾರ್ಡ್‌ಲೆಸ್ ಫೋನ್: ಜೋಡಣೆ, ದೋಷ, ಪರಿಹಾರ

(ಸಂಘದ ವಾರ್ಷಿಕ ಸಮಾರಂಭದ ಅಂಗವಾಗಿ ಏರ್ಪಡಿಸಿದ್ದ ಪೋಷಕರ ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಉರ್ದು ಮತ್ತು ಕನ್ನಡ ಪಾಠ ಮಾಡುವ ಮೇಷ್ಟ್ರು ಟೆಲಿಫೋನಿನ ಬಗ್ಗೆ ಏನು ಮಾತಾಡಬಲ್ಲರು ಎಂದು ನಿಮ್ಮಲ್ಲಿ ಕೆಲವರಿಗೆ ಅನಿಸಿರಬಹುದು. ನಾನು ಮೆಕ್ಯಾನಿಕ್ ಅಲ್ಲ, ನಿಜ. ಆದರೆ ಮನೆಬಳಕೆಯ ಯಂತ್ರಗಳ ವಿಷಯದಲ್ಲಿ ನಮಗೆ ಬರುವ ತೊಂದರೆಯಲ್ಲಿ ಅರ್ಧದಷ್ಟು ಯಂತ್ರದ್ದಲ್ಲ, ಭಾಷೆಯದು. ಫೋನಿನ ಜೊತೆ ಬರುವ ಕೈಪಿಡಿ ಇಂಗ್ಲಿಷಿನಲ್ಲಿರುತ್ತದೆ. ಅದನ್ನು ಯಾರೂ ಓದುವುದಿಲ್ಲ. ಡಬ್ಬದ ಜೊತೆ ಅದೂ ಅಟ್ಟ ಸೇರುತ್ತದೆ. ಆಮೇಲೆ ಫೋನ್ ಕೆಟ್ಟಿತೆಂದರೆ ಅದು ಗೊತ್ತಿರುವ ಒಬ್ಬನೇ ಮಗ ಊರಿನಿಂದ ಬರುವವರೆಗೂ ಹಾಗೆಯೇ ಬಿದ್ದಿರುತ್ತದೆ. ಒಂದು ಭಾಷೆಯಲ್ಲಿರುವುದನ್ನು ಇನ್ನೊಂದು ಭಾಷೆಯವರಿಗೆ ಮುಟ್ಟಿಸುವುದು ನನ್ನ ದಿನನಿತ್ಯದ ಕೆಲಸ. ಇಂದು ಅದನ್ನೇ ಮಾಡಲು ಪ್ರಯತ್ನಿಸುತ್ತೇನೆ.

ಎಲ್ಲರ ಕೈಯಲ್ಲೂ ಮೊಬೈಲ್ ಇರುವಾಗ ಮನೆಯ ಫೋನ್ ಯಾರಿಗೆ ಬೇಕು ಎಂಬ ಪ್ರಶ್ನೆ ಸಹಜ. ತಾಮ್ರದ ತಂತಿಯ ಸಂಪರ್ಕಗಳು ಕಡಿಮೆಯಾಗುತ್ತಾ ಬಂದಿರುವುದು ನಿಜವೇ. ಆದರೆ ಇಂಟರ್‌ನೆಟ್‌ಗಾಗಿ ಮನೆಗೆ ಫೈಬರ್ ಹಾಕಿಸಿಕೊಂಡವರಿಗೆ ಬಿ.ಎಸ್.ಎನ್.ಎಲ್., ಜಿಯೋ, ಏರ್‌ಟೆಲ್ ಮೊದಲಾದವರ ಸಂಪರ್ಕದ ಜೊತೆಗೇ ಒಂದು ಫೋನ್ ನಂಬರು ಕೂಡ ದೊರೆಯುತ್ತದೆ. ಹೀಗೆ ಮುಂಬಾಗಿಲಿನಿಂದ ಹೋದ ಲ್ಯಾಂಡ್‌ಲೈನ್ ಹಿತ್ತಿಲ ಬಾಗಿಲಿನಿಂದ ಮರಳಿ ಬಂದಿದೆ. ಇನ್ನೊಂದು ಮಾತನ್ನೂ ಗಮನಿಸಿ. ಮನೆಯಲ್ಲಿ ಕಾರ್ಡ್‌ಲೆಸ್ ಫೋನನ್ನು ಹೆಚ್ಚಾಗಿ ತರುವುದು ಹಿರಿಯರಿಗಾಗಿ. ಮಂಡಿನೋವಿನ ದಾದಿಮಾ ಎದ್ದು ಹಾಲ್‌ಗೆ ಬರುವಷ್ಟರಲ್ಲಿ ಗಂಟೆ ನಿಂತು ಹೋಗುತ್ತದೆ, ಮೊಬೈಲಿನ ಗಾಜಿನ ಪರದೆ ಅವರ ಬೆರಳಿಗೆ ಒಗ್ಗುವುದಿಲ್ಲ ಎಂದು ತಲೆದಿಂಬಿನ ಪಕ್ಕ ಇಡಲು ತರುತ್ತೇವೆ. ಅಂದರೆ ಅದು ಷೋಕೇಸಿನ ವಸ್ತುವಲ್ಲ. ಮನೆಯಲ್ಲಿ ಒಂಟಿಯಾಗಿರುವ ವೃದ್ಧರಿಗೆ ಹೊರಗಿನ ಲೋಕದೊಡನೆ ಇರುವ ಒಂದೇ ದಾರಿ ಅದಾಗಿರಬಹುದು. ಆದ್ದರಿಂದ ಅದನ್ನು ಜೋಡಿಸುವುದು ಹೇಗೆ, ಕೆಟ್ಟರೆ ದೋಷ ಹುಡುಕುವುದು ಹೇಗೆ, ಎಲ್ಲಕ್ಕಿಂತ ಮಿಗಿಲಾಗಿ ಬೇಕಾದ ಹೊತ್ತಿಗೆ ಅದು ಕೈಕೊಡದಂತೆ ನೋಡಿಕೊಳ್ಳುವುದು ಹೇಗೆ ಎಂಬುದು ಮನೆಯವರೆಲ್ಲರಿಗೂ ತಿಳಿದಿರಬೇಕು. ನನ್ನ ಇಂದಿನ ಮಾತಿನ ತಿರುಳು ಇಷ್ಟೇ.

ಮೊದಲು ಇದು ಕೆಲಸ ಮಾಡುವ ಬಗೆಯನ್ನು ನೋಡೋಣ. ಅಲೆಕ್ಸಾಂಡರ್ ಗ್ರಹಾಂ ಬೆಲ್ ಟೆಲಿಫೋನಿಗೆ ಪೇಟೆಂಟ್ ಪಡೆದದ್ದು 1876ರಲ್ಲಿ. ಆರು ವರ್ಷ ಕಳೆಯುವಷ್ಟರಲ್ಲಿ, ಅಂದರೆ 1882ರ ಜನವರಿಯಲ್ಲಿ, ಕಲ್ಕತ್ತ, ಮುಂಬಯಿ ಮತ್ತು ಮದರಾಸುಗಳಲ್ಲಿ ಟೆಲಿಫೋನ್ ವಿನಿಮಯ ಕೇಂದ್ರಗಳು ತೆರೆದವು. ಆ ಹಳೆಯ ಪದ್ಧತಿಯಲ್ಲಿ ಒಂದು ದೊಡ್ಡ ಅನುಕೂಲವಿತ್ತು. ಮನೆಗೆ ಬರುವ ತಾಮ್ರದ ಜೋಡಿ ತಂತಿಯಲ್ಲಿ ಮಾತಿನ ಜೊತೆಗೆ ವಿದ್ಯುತ್ತೂ ಬರುತ್ತಿತ್ತು. ಎಕ್ಸ್‌ಚೇಂಜಿನಲ್ಲಿ ಸಾಲಾಗಿ ಜೋಡಿಸಿಟ್ಟ ಬ್ಯಾಟರಿಗಳಿಂದ ಸುಮಾರು 48 ವೋಲ್ಟ್ ವಿದ್ಯುತ್ತು ಪ್ರತಿಯೊಂದು ಮನೆಗೂ ಹರಿಯುತ್ತಿತ್ತು. ಊರಿಗೆ ಊರೇ ಕತ್ತಲಲ್ಲಿ ಮುಳುಗಿದ್ದರೂ ಮನೆಯ ಫೋನ್ ಮಾತ್ರ ಜೀವಂತವಾಗಿರುತ್ತಿದ್ದ ಗುಟ್ಟು ಇದೇ. ಇದನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಕಾರ್ಡ್‌ಲೆಸ್ ಫೋನಿನಲ್ಲಿ ಎರಡು ಭಾಗಗಳಿವೆ. ಒಂದು ಬೇಸ್, ಇನ್ನೊಂದು ಕೈಯಲ್ಲಿ ಹಿಡಿಯುವ ಹ್ಯಾಂಡ್‌ಸೆಟ್. ಹೊರಗಿನಿಂದ ಬರುವ ಲೈನ್ ಬೇಸಿಗೆ ಸೇರುತ್ತದೆ. ಬೇಸ್ ಮತ್ತು ಹ್ಯಾಂಡ್‌ಸೆಟ್ ತಮ್ಮ ನಡುವೆ ರೇಡಿಯೊ ಅಲೆಗಳ ಮೂಲಕ ಮಾತಾಡಿಕೊಳ್ಳುತ್ತವೆ. ಹೆಸರಿಗೆ ತಂತಿಯಿಲ್ಲದ ಫೋನಾದರೂ ಬೇಸಿಗೆ ಎರಡು ತಂತಿ ಬೇಕೇ ಬೇಕು. ಒಂದು ಟೆಲಿಫೋನ್ ಲೈನಿನದು, ಮತ್ತೊಂದು ಕರೆಂಟಿನದು. ಹ್ಯಾಂಡ್‌ಸೆಟ್ಟಿನ ಹೊಟ್ಟೆಯಲ್ಲಿ ರೀಚಾರ್ಜ್ ಆಗುವ ಬ್ಯಾಟರಿ ಇರುತ್ತದೆ. ಹೀಗೆ ಲೈನ್, ಕರೆಂಟ್, ಬ್ಯಾಟರಿ, ರೇಡಿಯೊ ಸಂಪರ್ಕ ಎಂಬ ನಾಲ್ಕು ಕಾಲುಗಳ ಮೇಲೆ ಈ ಫೋನ್ ನಿಂತಿದೆ. ಒಂದು ಕಾಲು ಮುರಿದರೂ ಮಂಚ ನಿಲ್ಲುವುದಿಲ್ಲ.

ಹಿಂದಿನ ಕಾಲದ ಅನಲಾಗ್ ಕಾರ್ಡ್‌ಲೆಸ್ ಫೋನುಗಳಲ್ಲಿ ಒಬ್ಬರ ಮಾತು ಪಕ್ಕದ ಮನೆಯ ರೇಡಿಯೊ ಉಪಕರಣದಲ್ಲಿ ಕೇಳಿಬರುವ ಸಂಭವವಿತ್ತು. 1990ರ ದಶಕದಲ್ಲಿ ಯುರೋಪಿನಲ್ಲಿ ಡೆಕ್ಟ್ ಎಂಬ ಡಿಜಿಟಲ್ ಪದ್ಧತಿ ಬಳಕೆಗೆ ಬಂದಿತು. ಅದಕ್ಕೆ 1880ರಿಂದ 1900 ಮೆಗಾಹರ್ಟ್ಜ್ ವರೆಗಿನ ಅಲೆಗಳನ್ನು ಮೀಸಲಿಟ್ಟರು. ಆ ಜಾಗವನ್ನು ಹತ್ತು ಹಾದಿಗಳಾಗಿ, ಒಂದೊಂದು ಹಾದಿಯನ್ನೂ ಸೆಕೆಂಡಿನ ಚಿಕ್ಕ ಚಿಕ್ಕ ತುಣುಕುಗಳಾಗಿ ಹಂಚಿದರು. ಗದ್ದಲವಿಲ್ಲದ ಹಾದಿಯನ್ನು ಹ್ಯಾಂಡ್‌ಸೆಟ್ ತಾನೇ ಆರಿಸಿಕೊಳ್ಳುತ್ತದೆ. ವಿದ್ಯಾರ್ಥಿಗಳು ಹೆಮ್ಮೆಪಡಬೇಕಾದ ಒಂದು ಸಂಗತಿ ಇಲ್ಲಿದೆ. ಒಂದು ಮನೆಯ ಅಂಗಳಕ್ಕೆಂದು ರೂಪುಗೊಂಡ ಇದೇ ತತ್ವವನ್ನು ಮದ್ರಾಸ್ ಐ.ಐ.ಟಿ.ಯ ಪ್ರೊ. ಅಶೋಕ್ ಝುನ್‌ಝುನ್‌ವಾಲಾ ಅವರ ತಂಡದವರು 1990ರ ದಶಕದಲ್ಲಿ ಹಿಗ್ಗಿಸಿ, ಕಾರ್‌ಡೆಕ್ಟ್ ಎಂಬ ವ್ಯವಸ್ಥೆಯನ್ನು ರೂಪಿಸಿದರು. ನೇರ ದೃಷ್ಟಿಗೆ ಅಡ್ಡಿಯಿಲ್ಲದಿದ್ದರೆ ಸುಮಾರು 10 ಕಿಲೋಮೀಟರ್ ದೂರದ ಹಳ್ಳಿಗೂ ತಂತಿ ಎಳೆಯದೆ ಫೋನ್ ಮುಟ್ಟಿಸಲು ಅದರಿಂದ ಸಾಧ್ಯವಾಯಿತು. ಬೇರೆಯವರು ಹಾಲ್‌ನಿಂದ ಅಡುಗೆಮನೆಗೆ ಎಂದು ಮಾಡಿದ್ದನ್ನು ನಮ್ಮವರು ಪಟ್ಟಣದಿಂದ ಹಳ್ಳಿಗೆ ಎಂದು ಮಾಡಿದರು.

ಕೊಳ್ಳುವವರಿಗೆ ಒಂದು ಮಾತು. ನಮ್ಮ ಅನೇಕ ಮನೆಗಳಿಗೆ ಹೊರದೇಶದಲ್ಲಿರುವ ಬಂಧುಗಳು ಇಂತಹ ವಸ್ತುಗಳನ್ನು ಪ್ರೀತಿಯಿಂದ ತರುತ್ತಾರೆ. ಅಮೆರಿಕದಿಂದ ಬರುವ ಕಾರ್ಡ್‌ಲೆಸ್ ಫೋನಿನ ಮೇಲೆ ಡೆಕ್ಟ್ 6.0 ಎಂದು ಬರೆದಿದ್ದರೆ ಅದನ್ನು ಇಲ್ಲಿ ಬಳಸಬೇಡಿ. ಆರು ಎಂದ ಮಾತ್ರಕ್ಕೆ ಅದು ಹೆಚ್ಚು ಹೊಸದೆಂದಲ್ಲ, ಅದು ಬರೀ ವ್ಯಾಪಾರದ ಹೆಸರು. ಅದು 1920ರಿಂದ 1930 ಮೆಗಾಹರ್ಟ್ಜ್‌ನಲ್ಲಿ ಕೆಲಸ ಮಾಡುತ್ತದೆ. ನಮ್ಮ ದೇಶದಲ್ಲಿ ಆ ಜಾಗ ಮೊಬೈಲ್ ಸೇವೆಗೆ ಹಂಚಿಕೆಯಾಗಿರುವುದರಿಂದ ಸುತ್ತಮುತ್ತಲಿನ ಮೊಬೈಲುಗಳಿಗೆ ತೊಂದರೆಯಾಗುತ್ತದೆ. ಅದರ ಅಡಾಪ್ಟರ್ ಕೂಡ ಅಲ್ಲಿಯ 120 ವೋಲ್ಟ್‌ಗೆ ಮಾತ್ರ ಮಾಡಿದ್ದಾಗಿದ್ದರೆ ನಮ್ಮ 230 ವೋಲ್ಟ್‌ಗೆ ಸುಟ್ಟುಹೋಗುತ್ತದೆ. ಯಾವ ದೇಶದಿಂದ ಬಂದದ್ದಾದರೂ ಅಡಾಪ್ಟರಿನ ಬೆನ್ನ ಮೇಲಿನ ಸಣ್ಣ ಅಕ್ಷರಗಳನ್ನು ಓದದೆ ಪ್ಲಗ್ ಮಾಡಬಾರದು.

ಈಗ ಜೋಡಣೆಗೆ ಬರೋಣ. ಮೊದಲ ಕೆಲಸ ಜಾಗ ಆರಿಸುವುದು. ಬೇಸನ್ನು ಮನೆಯ ನಡುಭಾಗದಲ್ಲಿ, ನೆಲದಿಂದ ಎತ್ತರದಲ್ಲಿ ಇಡಬೇಕು. ಕಬ್ಬಿಣದ ಬೀರುವಿನ ಪಕ್ಕ, ಫ್ರಿಜ್ಜಿನ ಮೇಲೆ, ಟಿ.ವಿ.ಯ ಹಿಂದೆ ಇಡಬಾರದು. ಪೆಟ್ಟಿಗೆಯ ಮೇಲೆ ಮನೆಯೊಳಗೆ ಸುಮಾರು 50 ಮೀಟರ್, ಬಯಲಿನಲ್ಲಿ ಸುಮಾರು 300 ಮೀಟರ್ ಎಂದು ಬರೆದಿರುತ್ತದೆ. ಆದರೆ ದಪ್ಪ ಕಲ್ಲಿನ ಗೋಡೆ, ಕಬ್ಬಿಣದ ಸರಳಿರುವ ಆರ್.ಸಿ.ಸಿ. ಛಾವಣಿ ಇದ್ದರೆ ಆ ದೂರ ಬಹಳ ಕುಗ್ಗುತ್ತದೆ. 2.4 ಗಿಗಾಹರ್ಟ್ಜ್ ಎಂದು ಬರೆದಿರುವ ಮಾದರಿಯಾದರೆ ವೈಫೈ ಪೆಟ್ಟಿಗೆ ಮತ್ತು ಮೈಕ್ರೊವೇವ್ ಒಲೆಯಿಂದ ದೂರವಿಡಿ. ಏಕೆಂದರೆ ಆ ಎರಡೂ ಅದೇ ಅಲೆಗಳ ಆಸುಪಾಸಿನಲ್ಲಿ ಕೆಲಸ ಮಾಡುತ್ತವೆ. ಡೆಕ್ಟ್ ಮಾದರಿಗೆ ಈ ಕಾಟ ಕಡಿಮೆ.

ಎರಡನೆಯದು ಬ್ಯಾಟರಿ. ಹ್ಯಾಂಡ್‌ಸೆಟ್ಟಿನ ಬೆನ್ನಿನ ಮುಚ್ಚಳ ತೆಗೆದು, ಪ್ಲಸ್ ಮೈನಸ್ ಗುರುತು ನೋಡಿ ಬ್ಯಾಟರಿ ಕೂರಿಸಬೇಕು. ಹೊಸ ಬ್ಯಾಟರಿಗೆ ಪ್ಲಾಸ್ಟಿಕ್ ಹಾಳೆಯ ಹೊದಿಕೆ ಇದ್ದರೆ ಅದನ್ನು ತೆಗೆದುಹಾಕಿ. ಹೆಚ್ಚಿನ ಮಾದರಿಗಳಲ್ಲಿ ಪೆನ್ಸಿಲ್ ಸೆಲ್ಲಿಗಿಂತ ಸಣ್ಣದಾದ, 1.2 ವೋಲ್ಟ್‌ನ ಎರಡು ನಿಕಲ್ ಮೆಟಲ್ ಹೈಡ್ರೈಡ್ ಸೆಲ್ಲುಗಳಿರುತ್ತವೆ. ಗಡಿಯಾರಕ್ಕೆ, ರಿಮೋಟಿಗೆ ಹಾಕುವ ಸಾಮಾನ್ಯ ಸೆಲ್ಲುಗಳೂ ಇದೇ ಗಾತ್ರದಲ್ಲಿ ಸಿಗುತ್ತವೆ. ಅವನ್ನು ಮಾತ್ರ ಎಂದಿಗೂ ಹಾಕಬೇಡಿ. ಅವು ಚಾರ್ಜ್ ಆಗಲು ಮಾಡಿದ ಸೆಲ್ಲುಗಳಲ್ಲ. ಬೇಸಿನ ಮೇಲೆ ಇಟ್ಟರೆ ಬಿಸಿಯಾಗಿ ಸೋರಬಹುದು, ಒಡೆಯಲೂಬಹುದು. ಬ್ಯಾಟರಿ ಹಾಕಿದ ಮೇಲೆ ಅಡಾಪ್ಟರನ್ನು ಗೋಡೆಗೆ ಸೇರಿಸಿ, ಹ್ಯಾಂಡ್‌ಸೆಟ್ಟನ್ನು ಬೇಸಿನ ಮೇಲೆ ಕೂರಿಸಿ, ಕೈಪಿಡಿಯಲ್ಲಿ ಹೇಳಿದಷ್ಟು ಗಂಟೆ ಚಾರ್ಜ್ ಆಗಲು ಬಿಡಿ. ಪ್ಯಾನಾಸಾನಿಕ್‌ನ ಹಲವು ಮಾದರಿಗಳಲ್ಲಿ ಇದು ಸುಮಾರು 7 ಗಂಟೆ. ಡಬ್ಬ ಒಡೆದ ಕೂಡಲೇ ದುಬೈಗೆ ಫೋನ್ ಹಚ್ಚುವ ಆತುರ ಬೇಡ.

ಮೂರನೆಯದು ಲೈನ್. ತಾಮ್ರದ ತಂತಿಯ ಸಂಪರ್ಕವಾದರೆ ಗೋಡೆಯ ರೋಸೆಟ್ ಬಾಕ್ಸಿನಿಂದ ಬೇಸಿಗೆ ವಯರ್ ಸೇರಿಸಬೇಕು. ಅದೇ ತಂತಿಯಲ್ಲಿ ಬ್ರಾಡ್‌ಬ್ಯಾಂಡ್ ಕೂಡ ಇದ್ದರೆ ನಡುವೆ ಸ್ಪ್ಲಿಟರ್ ಎಂಬ ಪುಟ್ಟ ಡಬ್ಬಿ ಇರಲೇಬೇಕು, ಇಲ್ಲದಿದ್ದರೆ ಕಿವಿಯಲ್ಲಿ ಸದಾ ಜರ್ ಎಂಬ ಸದ್ದು. ಫೈಬರ್ ಸಂಪರ್ಕವಾದರೆ ನಾವು ಮೋಡೆಮ್ ಎಂದು ಕರೆಯುವ ಪೆಟ್ಟಿಗೆಯ ಹಿಂಬದಿಯಲ್ಲಿ ಟೆಲ್, ಫೋನ್ ಅಥವಾ ಪಾಟ್ಸ್ ಎಂದು ಬರೆದ ಕಿಂಡಿ ಇರುತ್ತದೆ. ಬೇಸಿನ ವಯರನ್ನು ಅಲ್ಲಿಗೇ ಸೇರಿಸಬೇಕು. ಕಂಪ್ಯೂಟರಿನ ಲ್ಯಾನ್ ಕಿಂಡಿ ಇದಕ್ಕಿಂತ ಅಗಲ, ಅದರೊಳಗೆ ಫೋನಿನ ಜಾಕನ್ನು ತುರುಕಬೇಡಿ. ಹಳೆಯ ತಾಮ್ರದ ತಂತಿ ಇನ್ನೂ ಗೋಡೆಯಲ್ಲಿದ್ದರೆ ಅದಕ್ಕೂ ಮೋಡೆಮಿನ ಫೋನ್ ಕಿಂಡಿಗೂ ನಂಟು ಬೀಳದಂತೆ ಎಚ್ಚರವಿರಲಿ. ಹಳೆಯ ಲೈನಿನ ವೋಲ್ಟೇಜ್ ಒಳನುಗ್ಗಿದರೆ ಮೋಡೆಮ್ ಹಾಳಾದೀತು.

ಈಗ ಹ್ಯಾಂಡ್‌ಸೆಟ್ಟಿನಲ್ಲಿ ಹಸಿರು ಗುಂಡಿ ಒತ್ತಿದರೆ ಡಯಲ್ ಟೋನ್ ಕೇಳಬೇಕು. ಕೇಳಿದರೆ ಮೆನುವಿನಲ್ಲಿ ದಿನಾಂಕ, ಗಂಟೆಯ ಸದ್ದು ಸರಿಪಡಿಸಿ. ಡಯಲ್ ಮಾಡುವ ಬಗೆ ಪಲ್ಸ್ ಎಂದಿದ್ದರೆ ಟೋನ್ ಎಂದು ಬದಲಿಸಿ. ಇಲ್ಲದಿದ್ದರೆ ಬ್ಯಾಂಕಿಗೋ ಗ್ಯಾಸ್ ಬುಕಿಂಗಿಗೋ ಫೋನ್ ಮಾಡಿದಾಗ 'ಒಂದನ್ನು ಒತ್ತಿ' ಎಂಬ ಧ್ವನಿಗೆ ನಮ್ಮ ಗುಂಡಿ ಉತ್ತರ ಕೊಡುವುದಿಲ್ಲ. ಎರಡನೇ ಹ್ಯಾಂಡ್‌ಸೆಟ್ ಇದ್ದರೆ ಅದನ್ನು ಬೇಸಿಗೆ ಪರಿಚಯಿಸಬೇಕು. ಇದಕ್ಕೆ ರಿಜಿಸ್ಟರ್ ಮಾಡುವುದು ಎನ್ನುತ್ತಾರೆ. ಸಾಮಾನ್ಯವಾಗಿ ಬೇಸಿನ ಮೇಲಿನ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿದು, ಹ್ಯಾಂಡ್‌ಸೆಟ್ಟಿನ ಮೆನುವಿನಲ್ಲಿ ರಿಜಿಸ್ಟರ್ ಎಂಬುದನ್ನು ಆರಿಸಬೇಕು. ಪಿನ್ ಕೇಳಿದರೆ ಬಹಳಷ್ಟು ಮಾದರಿಗಳಲ್ಲಿ ಅದು 0000. ಅದೇ ಗುಂಡಿಯನ್ನು ಒಮ್ಮೆ ಮೆಲ್ಲಗೆ ಒತ್ತಿದರೆ ಹ್ಯಾಂಡ್‌ಸೆಟ್ ಕೂಗುತ್ತದೆ. ಮಕ್ಕಳು ಎಲ್ಲೋ ದಿಂಬಿನ ಕೆಳಗೆ ಬಿಟ್ಟುಬಂದ ಹ್ಯಾಂಡ್‌ಸೆಟ್ಟನ್ನು ಹುಡುಕಲು ಇದೇ ಉಪಾಯ.

ಇನ್ನೊಂದು ಮುಖ್ಯ ಸಂಗತಿ. 2021ರ ಜನವರಿ 15ರಿಂದ ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಕರೆ ಮಾಡುವಾಗ ಹತ್ತು ಅಂಕಿಗಳ ಹಿಂದೆ ಸೊನ್ನೆ ಸೇರಿಸಬೇಕೆಂಬ ನಿಯಮ ಬಂದಿದೆ. ಮೊಬೈಲಿನಲ್ಲಿದ್ದ ನಂಬರುಗಳನ್ನು ಹಾಗೆಯೇ ನಕಲು ಮಾಡಿ ಹ್ಯಾಂಡ್‌ಸೆಟ್ಟಿನಲ್ಲಿ ತುಂಬಿಸಿಟ್ಟರೆ ಒಂದು ಕರೆಯೂ ಹೋಗುವುದಿಲ್ಲ. ಫೋನ್ ಸರಿಯಾಗಿದೆ, ಲೈನ್ ಸರಿಯಾಗಿದೆ, ಕೊರತೆ ಒಂದು ಸೊನ್ನೆಯದು. ಸೊನ್ನೆಗೆ ಬೆಲೆಯಿಲ್ಲ ಎನ್ನುವ ಮಕ್ಕಳಿಗೆ ಗಣಿತದ ಮೇಷ್ಟ್ರು ಇದನ್ನು ಹೇಳಬಹುದು.

ಸ್ನೇಹಿತರೇ, ಇನ್ನು ನನ್ನ ಮಾತಿನ ಅತಿ ಮುಖ್ಯ ಭಾಗಕ್ಕೆ ಬರುತ್ತೇನೆ. ಕರೆಂಟ್ ಹೋದಾಗ ಏನಾಗುತ್ತದೆ? ಹ್ಯಾಂಡ್‌ಸೆಟ್ಟಿನಲ್ಲಿ ಬ್ಯಾಟರಿ ತುಂಬಿರಬಹುದು, ಪರದೆ ಬೆಳಗುತ್ತಿರಬಹುದು. ಆದರೆ ಬೇಸ್ ಸತ್ತಿರುತ್ತದೆ. ಬೇಸ್ ಇಲ್ಲದೆ ಹ್ಯಾಂಡ್‌ಸೆಟ್ ಬರೀ ಆಟಿಕೆ. ಕೆಲವು ಮಾದರಿಗಳಲ್ಲಿ ಹ್ಯಾಂಡ್‌ಸೆಟ್ಟಿನ ಬ್ಯಾಟರಿಯಿಂದಲೇ ಬೇಸಿಗೆ ಸ್ವಲ್ಪ ಹೊತ್ತು ಶಕ್ತಿ ಸಿಗುವ ಏರ್ಪಾಡಿದೆ, ಎಲ್ಲದರಲ್ಲೂ ಇಲ್ಲ. ಮಳೆಗಾಲದ ಒಂದು ರಾತ್ರಿಯನ್ನು ಕಲ್ಪಿಸಿಕೊಳ್ಳಿ. ಮನೆಯಲ್ಲಿ ಹಿರಿಯರೊಬ್ಬರೇ ಇದ್ದಾರೆ, ಕರೆಂಟ್ ಇಲ್ಲ, ಎದೆಯಲ್ಲಿ ಏನೋ ಸಂಕಟ. ಕೈಗೆ ಸಿಕ್ಕಿದ ಫೋನ್ ಒತ್ತಿದರೆ ಬರೀ ಮೌನ. ಆಗ ಯಾರನ್ನು ದೂರುವುದು?

ತಾಮ್ರದ ತಂತಿಯ ಸಂಪರ್ಕವಿದ್ದವರಿಗೆ ಪರಿಹಾರ ಸುಲಭ. ಕೆಲವು ನೂರು ರೂಪಾಯಿಯ, ಕರೆಂಟ್ ಬೇಡದ ಸಾದಾ ತಂತಿಯ ಫೋನೊಂದನ್ನು ಅದೇ ಲೈನಿಗೆ ಜೋಡಿಸಿಟ್ಟರೆ ಸಾಕು. ನಾನು ಮೊದಲು ಹೇಳಿದ ಎಕ್ಸ್‌ಚೇಂಜಿನ ಬ್ಯಾಟರಿಯಿಂದಲೇ ಅದು ನಡೆಯುತ್ತದೆ. ಆದರೆ ಫೈಬರ್ ಹಾಕಿಸಿಕೊಂಡವರು ಚೆನ್ನಾಗಿ ಕೇಳಿಸಿಕೊಳ್ಳಬೇಕು. ಫೈಬರ್ ಎಂದರೆ ಗಾಜಿನ ಎಳೆ. ಅದರಲ್ಲಿ ಬೆಳಕು ಹರಿಯುತ್ತದೆಯೇ ಹೊರತು ವಿದ್ಯುತ್ತು ಹರಿಯುವುದಿಲ್ಲ. ಆ ಬೆಳಕನ್ನು ಮಾತಾಗಿ ಬದಲಿಸುವ ಮೋಡೆಮಿಗೆ ಮನೆಯ ಕರೆಂಟೇ ಬೇಕು. ಹಾಗಾಗಿ ಕರೆಂಟ್ ಹೋದರೆ ಕಾರ್ಡ್‌ಲೆಸ್ ಮಾತ್ರವಲ್ಲ, ಮೋಡೆಮಿಗೆ ಸೇರಿಸಿದ ಹಳೆಯ ತಂತಿ ಫೋನ್ ಕೂಡ ಸ್ತಬ್ಧವಾಗುತ್ತದೆ. ಲ್ಯಾಂಡ್‌ಲೈನಿಗೆ ಕರೆಂಟ್ ಬೇಡ ಎಂಬ ನಮ್ಮ ಹಿರಿಯರ ನಂಬಿಕೆ ಅವರ ಕಾಲಕ್ಕೆ ಸತ್ಯವಾಗಿತ್ತು, ಫೈಬರಿನ ಮನೆಯಲ್ಲಿ ಸತ್ಯವಲ್ಲ. ಈ ಬದಲಾವಣೆಯನ್ನು ಅವರಿಗೆ ತಿಳಿಸಿ ಹೇಳುವುದು ನಮ್ಮ ಕರ್ತವ್ಯ.

ಇದಕ್ಕೂ ದಾರಿಯಿದೆ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಮೋಡೆಮ್ ಮತ್ತು ಬೇಸ್ ಎರಡೂ ಇನ್ವರ್ಟರ್ ಲೈನಿನ ಪ್ಲಗ್‌ನಲ್ಲೇ ಇರಬೇಕು. ಎಷ್ಟೋ ಮನೆಗಳಲ್ಲಿ ಇನ್ವರ್ಟರ್ ಸಂಪರ್ಕ ದೀಪ ಮತ್ತು ಫ್ಯಾನಿಗೆ ಮಾತ್ರ ಇರುತ್ತದೆ, ಪ್ಲಗ್‌ಗಳಿಗೆ ಇರುವುದಿಲ್ಲ. ಇನ್ವರ್ಟರ್ ಇಲ್ಲದವರು ಮೋಡೆಮಿಗೆಂದೇ ದೊರೆಯುವ ಪುಟ್ಟ ಯು.ಪಿ.ಎಸ್. ತರಬಹುದು. ಮೋಡೆಮಿನ ಅಡಾಪ್ಟರಿನ ಮೇಲೆ ಬರೆದ ವೋಲ್ಟ್ ಮತ್ತು ಆಂಪಿಯರ್ ನೋಡಿಯೇ ಅದನ್ನು ಕೊಳ್ಳಬೇಕು. ಆಗಲೂ ಕಾರ್ಡ್‌ಲೆಸ್ ಬೇಸಿಗೆ ಕರೆಂಟ್ ಸಿಗುವುದಿಲ್ಲವಾದ್ದರಿಂದ ಮೋಡೆಮಿಗೆ ಸಾದಾ ತಂತಿ ಫೋನ್ ಸೇರಿಸಿದರೆ ಕತ್ತಲಲ್ಲೂ ಮಾತಾಡಬಹುದು. ಇಷ್ಟಾದ ಮೇಲೆ ಒಂದು ಪರೀಕ್ಷೆ. ಮೂರು ತಿಂಗಳಿಗೊಮ್ಮೆ, ಹಗಲು ಹೊತ್ತಿನಲ್ಲಿ, ಮನೆಯ ಹಿರಿಯರು ಮೇನ್ ಸ್ವಿಚ್ ಆರಿಸಲಿ. ಮಕ್ಕಳು ಮನೆಯ ಫೋನಿನಿಂದ ಒಂದು ಮೊಬೈಲಿಗೆ ಕರೆ ಮಾಡಿ ನೋಡಲಿ. ಶಾಲೆಯ ಪರೀಕ್ಷೆಯಲ್ಲಿ ಫೇಲಾದರೆ ಪೂರಕ ಪರೀಕ್ಷೆ ಇದೆ. ಇಲ್ಲಿ ನಿಜವಾದ ದಿನ ಫೇಲಾದರೆ ಪೂರಕ ಪರೀಕ್ಷೆ ಇಲ್ಲ. ಬಾಯಾರಿದಾಗ ಬಾವಿ ತೋಡಬಾರದು.

ಈಗ ದೋಷ ಹುಡುಕುವ ಕ್ರಮ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಗಾದೆ ನಿಮಗೆ ಗೊತ್ತು. ಲೈನ್ ಸತ್ತಿರುವಾಗ ಹೊಸ ಫೋನ್ ಕೊಳ್ಳುವವರು, ಬ್ಯಾಟರಿ ಸತ್ತಿರುವಾಗ ಲೈನ್‌ಮ್ಯಾನ್‌ಗೆ ದೂರು ಕೊಡುವವರು ಮಾಡುವುದು ಇದನ್ನೇ. ನಿಯಮ ಎರಡೇ. ನಾಲ್ಕು ಕಾಲುಗಳನ್ನು ಒಂದೊಂದಾಗಿ ಬೇರೆ ಮಾಡಿ ನೋಡಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು.

ಡಯಲ್ ಟೋನ್ ಇಲ್ಲವೇ? ಬೇಸನ್ನು ಕಳಚಿ, ಚಾಲ್ತಿಯಲ್ಲಿರುವ ಸಾದಾ ತಂತಿ ಫೋನನ್ನು ಅದೇ ಕಿಂಡಿಗೆ ಸೇರಿಸಿ. ಅದರಲ್ಲಿ ಟೋನ್ ಬಂದರೆ ಲೈನ್ ಚೆನ್ನಾಗಿದೆ, ದೋಷ ಕಾರ್ಡ್‌ಲೆಸ್ಸಿನಲ್ಲಿ ಅಥವಾ ಅದರ ವಯರಿನಲ್ಲಿದೆ. ವಯರ್ ಬದಲಿಸಿ ನೋಡಿ. ತಂತಿ ಫೋನಿನಲ್ಲೂ ಬರದಿದ್ದರೆ ದೋಷ ಲೈನಿನದು. ಫೈಬರಾದರೆ ಮೋಡೆಮಿನ ದೀಪಗಳನ್ನು ನೋಡಿ. ಎಲ್.ಒ.ಎಸ್. ಎಂಬ ದೀಪ ಕೆಂಪಗೆ ಮಿನುಗುತ್ತಿದ್ದರೆ ಬೆಳಕು ಮನೆಯವರೆಗೆ ಬರುತ್ತಿಲ್ಲ ಎಂದರ್ಥ. ಎಳೆ ಎಲ್ಲಾದರೂ ಮಡಚಿದೆಯೇ ನೋಡಿ, ಇಲ್ಲದಿದ್ದರೆ ಸೇವೆ ನೀಡುವವರಿಗೆ ದೂರು ಕೊಡಿ. ಫೈಬರಿನ ತುದಿಯನ್ನು ಬಿಚ್ಚಿ ಕಣ್ಣಿಗೆ ಹಿಡಿದು ನೋಡುವುದು ಸಲ್ಲದು, ಅದರ ಬೆಳಕು ಕಾಣದಿದ್ದರೂ ಕಣ್ಣಿಗೆ ಕೆಡುಕು.

ಹ್ಯಾಂಡ್‌ಸೆಟ್ಟಿನ ಪರದೆಯಲ್ಲಿ ಬೇಸ್ ಸಿಗುತ್ತಿಲ್ಲ, ಹುಡುಕುತ್ತಿದೆ ಎಂಬ ಅರ್ಥದ ಇಂಗ್ಲಿಷ್ ಮಾತು ಬರುತ್ತಿದೆಯೇ? ಮೊದಲು ಬೇಸಿಗೆ ಕರೆಂಟ್ ಇದೆಯೇ ನೋಡಿ. ಇದ್ದರೆ ಹ್ಯಾಂಡ್‌ಸೆಟ್ಟನ್ನು ಬೇಸಿನ ಹತ್ತಿರ ತನ್ನಿ. ಹತ್ತಿರ ಬಂದಾಗ ಸರಿಹೋದರೆ ಅದು ದೂರದ ತೊಂದರೆ, ಬೇಸಿನ ಜಾಗ ಬದಲಿಸಿ. ಹತ್ತಿರವಿದ್ದರೂ ಸರಿಹೋಗದಿದ್ದರೆ ಅಡಾಪ್ಟರ್ ಕಿತ್ತು, ಹ್ಯಾಂಡ್‌ಸೆಟ್ಟಿನ ಬ್ಯಾಟರಿ ತೆಗೆದು, ಒಂದೆರಡು ನಿಮಿಷ ಬಿಟ್ಟು ಮತ್ತೆ ಹಾಕಿ. ಆಗಲೂ ಆಗದಿದ್ದರೆ ಮತ್ತೊಮ್ಮೆ ರಿಜಿಸ್ಟರ್ ಮಾಡಿ.

ಮಾತಿನ ನಡುವೆ ಬ್ಯಾಟರಿ ಮುಗಿಯುತ್ತಿದೆಯೇ? ಹ್ಯಾಂಡ್‌ಸೆಟ್ ಮತ್ತು ಬೇಸಿನ ಲೋಹದ ತುದಿಗಳನ್ನು ಒಣಗಿದ ಮೆತ್ತನೆಯ ಬಟ್ಟೆಯಿಂದ ಒರೆಸಿ. ಬೇಸಿನ ಮೇಲೆ ಇಟ್ಟಾಗ ಚಾರ್ಜ್ ಗುರುತು ಬರುತ್ತದೆಯೇ ಗಮನಿಸಿ. ರಾತ್ರಿಯಿಡೀ ಚಾರ್ಜ್ ಮಾಡಿದರೂ ಕೆಲವೇ ನಿಮಿಷ ಬಂದರೆ ಸೆಲ್ಲುಗಳಿಗೆ ವಯಸ್ಸಾಗಿದೆ. ಅದೇ ಬಗೆಯ ಹೊಸ ಸೆಲ್ಲುಗಳ ಜೋಡಿ ಹಾಕಿ, ಒಂದು ಹಳೆಯದು ಒಂದು ಹೊಸದು ಬೇಡ. ಹಳೆಯವನ್ನು ಕಸದ ಬುಟ್ಟಿಗೆ ಎಸೆಯದೆ, ಇ-ತ್ಯಾಜ್ಯ ಸಂಗ್ರಹಿಸುವ ಕಡೆ ಕೊಡಿ. ಫೋನನ್ನೇ ಬಿಸಾಡುವ ಮುನ್ನ ಈ ಚಿಕ್ಕ ಖರ್ಚು ಮಾಡಿ ನೋಡುವುದು ಜಾಣತನ.

ಗರಗರ ಸದ್ದು ಬರುತ್ತಿದೆಯೇ? ಬೇಸಿನ ಪಕ್ಕ ನಿಂತು ಮಾತಾಡಿ. ಅಲ್ಲೂ ಸದ್ದಿದ್ದರೆ ಅದು ಲೈನಿನ ಅಥವಾ ವಯರಿನ ಸದ್ದು. ತಾಮ್ರದ ಲೈನಿನಲ್ಲಿ ಮಳೆನೀರು ಸೇರಿದ ಜಾಯಿಂಟು, ಸ್ಪ್ಲಿಟರ್ ಇಲ್ಲದಿರುವುದು ಸಾಮಾನ್ಯ ಕಾರಣಗಳು. ದೂರ ಹೋದಂತೆ ಮಾತ್ರ ಸದ್ದು ಹೆಚ್ಚಿದರೆ ಅದು ರೇಡಿಯೊ ಸಂಪರ್ಕದ ಸಮಸ್ಯೆ. ಕರೆ ಬರುತ್ತಿದೆ, ಗಂಟೆ ಬಾರಿಸುತ್ತಿಲ್ಲ ಎಂದರೆ ಗಂಟೆಯ ಸದ್ದನ್ನು ಯಾರಾದರೂ ಆರಿಸಿದ್ದಾರೆಯೇ, ರಾತ್ರಿ ಮೌನದ ಏರ್ಪಾಡು ಚಾಲ್ತಿಯಲ್ಲಿದೆಯೇ ನೋಡಿ. ಕರೆ ಮಾಡಿದವರ ನಂಬರು ಕಾಣದಿದ್ದರೆ ಆ ಸೌಲಭ್ಯ ನಿಮ್ಮ ಸಂಪರ್ಕಕ್ಕೆ ಇದೆಯೇ ಎಂದು ಸೇವೆ ನೀಡುವವರಲ್ಲಿ ಕೇಳಿ, ಅದು ಫೋನೊಂದರ ಕೈಯಲ್ಲಿಲ್ಲ.

ಎರಡು ಎಚ್ಚರಿಕೆಗಳು. ಗುಡುಗು ಸಿಡಿಲಿನ ಮುನ್ಸೂಚನೆ ಇದ್ದರೆ ಅಡಾಪ್ಟರನ್ನೂ ತಾಮ್ರದ ಲೈನನ್ನೂ ಮೊದಲೇ ಕಿತ್ತಿಡಿ, ಸಿಡಿಲು ಶುರುವಾದ ಮೇಲೆ ಮುಟ್ಟಬೇಡಿ. ಎರಡನೆಯದಾಗಿ, ತಾಮ್ರದ ಲೈನಿನ ಬೆತ್ತಲೆ ತಂತಿಯನ್ನು ಬರಿಗೈಯಲ್ಲಿ ಹಿಡಿಯಬೇಡಿ. ಗಂಟೆ ಬಾರಿಸುವಾಗ ಅದರಲ್ಲಿ 75 ವೋಲ್ಟ್‌ಗಿಂತ ಹೆಚ್ಚಿನ ವಿದ್ಯುತ್ತು ಹರಿಯಬಹುದು.

ವಿದ್ಯಾರ್ಥಿಗಳೇ, ಕೊನೆಯ ಮಾತು ನಿಮಗೆ. ಒಂದು ಮನೆಗೆಲಸ ಕೊಡುತ್ತೇನೆ, ಇದಕ್ಕೆ ಅಂಕಗಳಿಲ್ಲ. ಅಟ್ಟದಿಂದ ಕೈಪಿಡಿಯನ್ನು ಇಳಿಸಿ ಓದಿ. ನಿಮ್ಮ ಮನೆಯ ಹಿರಿಯರು ಯಾವ ಲಿಪಿ ಓದುತ್ತಾರೋ ಆ ಲಿಪಿಯಲ್ಲಿ, ಉರ್ದುವಾದರೆ ಉರ್ದು, ಕನ್ನಡವಾದರೆ ಕನ್ನಡ, ದಪ್ಪ ಅಕ್ಷರಗಳಲ್ಲಿ ಒಂದು ಚೀಟಿ ಬರೆಯಿರಿ. ಮಾತು ಶುರು ಮಾಡಲು ಯಾವ ಗುಂಡಿ, ನಿಲ್ಲಿಸಲು ಯಾವ ಗುಂಡಿ, ಮಗನಿಗೆ ಯಾವ ಅಂಕಿ, ಮಗಳಿಗೆ ಯಾವ ಅಂಕಿ, ತುರ್ತಿಗೆ 112, ಆಂಬುಲೆನ್ಸಿಗೆ 108, ಕರೆಂಟ್ ಇಲ್ಲದಾಗ ಯಾವ ಫೋನ್ ಎತ್ತಬೇಕು, ಇಷ್ಟೇ ಸಾಕು. ಬಹಳಷ್ಟು ಹ್ಯಾಂಡ್‌ಸೆಟ್ಟುಗಳಲ್ಲಿ ಒಂದೇ ಅಂಕಿಯನ್ನು ಒತ್ತಿ ಹಿಡಿದರೆ ಕರೆ ಹೋಗುವಂತೆ ಮಾಡಬಹುದು. ಅದನ್ನು ಹೊಂದಿಸಿಕೊಡಿ. ಬರೆದ ಚೀಟಿಯನ್ನು ಬೇಸಿನ ಪಕ್ಕದ ಗೋಡೆಗೆ ಅಂಟಿಸಿ. ಆಮೇಲೆ ದಾದಿಮಾ ಅವರ ಕೈಯಿಂದಲೇ ಮೂರು ಸಲ ಕರೆ ಮಾಡಿಸಿ. ನೀವು ಮಾಡಿ ತೋರಿಸಿದರೆ ಕಲಿತಂತಾಗುವುದಿಲ್ಲ, ಅವರು ಮಾಡಿದಾಗ ಮಾತ್ರ ಕಲಿತಂತೆ. ಇದನ್ನು ಬಿ.ಎಡ್. ತರಗತಿಯಲ್ಲಿ ನಮಗೆ ದೊಡ್ಡ ದೊಡ್ಡ ಪದಗಳಲ್ಲಿ ಕಲಿಸಿದ್ದರು. ಸಾರ ಇಷ್ಟೇ.

ಅವರು ಎರಡು ಸಲ ಮರೆತರೆ ಬೇಸರಪಡಬೇಡಿ. ನಮಗೆ ಅಲಿಫ್ ಬೇ, ಅ ಆ ಇ ಈ ಕಲಿಸುವಾಗ ಅವರು ಎಷ್ಟು ಸಲ ಹೇಳಿಕೊಟ್ಟಿದ್ದರೆಂದು ಲೆಕ್ಕವಿಟ್ಟವರು ಯಾರು? ಮನೆಯಲ್ಲಿ ಒಬ್ಬನಿಗೆ ಮಾತ್ರ ಗೊತ್ತಿರುವ ವಿದ್ಯೆ ಅವನು ಊರಲ್ಲಿಲ್ಲದ ದಿನ ಯಾರಿಗೂ ಒದಗುವುದಿಲ್ಲ. ಮನೆಯವರೆಲ್ಲರಿಗೂ ಹಂಚಿದಾಗಲೇ ಅದು ಮನೆಯ ಆಸ್ತಿಯಾಗುತ್ತದೆ.